ಭತ್ತದ ಸುಗ್ಗಿಗೆ ಸ್ವಂತ ಮಷಿನ್: ಅಡ್ವಾನ್ಸ್ ಕೊಡುವ ಮುಂಚೆ ಹಾಕಬೇಕಾದ ಲೆಕ್ಕ

ನವೆಂಬರ್ ಬಂತೆಂದರೆ ಸಿಂಧನೂರು, ಗಂಗಾವತಿ, ಕಾರಟಗಿ, ಸಿರುಗುಪ್ಪದ ಕಡೆ ಎಲ್ಲರದ್ದೂ ಒಂದೇ ಪಾಡು. ಭತ್ತ ಬಲಿತು ನಿಂತಿರುತ್ತದೆ, ಕಟಾವಿಗೆ ಮಷಿನ್ ಸಿಗುವುದಿಲ್ಲ. ಹೊರರಾಜ್ಯದಿಂದ ಲಾರಿ ಮೇಲೆ ಬರುವ ಮಷಿನ್‌ನವರಿಗೆ ಫೋನ್ ಮಾಡಿ ಮಾಡಿ ಸಾಕಾಗಿ, 'ನಾವೇ ಒಂದು ತಗೊಂಡುಬಿಡೋಣ' ಅನ್ನಿಸುವುದು ಇದೇ ಹೊತ್ತಿನಲ್ಲಿ. ಹಾಗೆ ಅವಸರದಲ್ಲಿ ತಂದ ಮಷಿನ್ ಕಂತು ಕಟ್ಟಲಾಗದೆ ವಾಪಸ್ ಹೋದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ಮನೆಯವರ ದುಡಿಮೆಯಲ್ಲಿ ಕೊರತೆ ಇರಲಿಲ್ಲ. ತಪ್ಪಿದ್ದು ಲೆಕ್ಕ.

ಮೊದಲು ಎಕರೆ ಮತ್ತು ದಿನ ಎಣಿಸಿ

ಕಟರ್ ಅಗಲವನ್ನು ಮೀಟರ್‌ನಲ್ಲಿ, ಓಡುವ ವೇಗವನ್ನು ಗಂಟೆಗೆ ಕಿ.ಮೀ.ನಲ್ಲಿ ಬರೆದುಕೊಳ್ಳಿ. ಎರಡನ್ನೂ ಗುಣಿಸಿ 10ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಹೆಕ್ಟೇರ್ ಎಂದು ಸಿಗುತ್ತದೆ. 2 ಮೀಟರ್ ಕಟರ್, 3.5 ಕಿ.ಮೀ. ವೇಗ ಅಂದರೆ 0.7 ಹೆಕ್ಟೇರ್. ಆದರೆ ಬದುವಿನ ಹತ್ತಿರ ತಿರುಗಿಸಲು, ಭತ್ತ ಸುರಿಯಲು, ಮಡಿಯಿಂದ ಮಡಿಗೆ ದಾಟಲು ಹೊತ್ತು ಹೋಗುತ್ತದೆ ಅಲ್ವಾ? ನೂರಕ್ಕೆ 65 ಪಾಲು ಮಾತ್ರ ಹಿಡಿಯಿರಿ. ಆಗ ಗಂಟೆಗೆ 1.1 ಎಕರೆ ಬರುತ್ತದೆ. ಇಬ್ಬನಿ ಆರುವ ತನಕ ಕೊಯ್ಯುವಂತಿಲ್ಲ. ಹಾಗಾಗಿ ದಿನಕ್ಕೆ 8 ಗಂಟೆ, ಹೆಚ್ಚೆಂದರೆ 9 ಎಕರೆ. ಮಳೆ, ರಿಪೇರಿ ಕಳೆದು ಒಂದು ಸುಗ್ಗಿಗೆ ಸುಮಾರು 200 ಎಕರೆ ಆಗಬಹುದು.

ಈಗ ದುಡ್ಡಿನ ಮಾತು. ಲೆಕ್ಕಕ್ಕೆ ಮಷಿನ್ ಬೆಲೆ 25 ಲಕ್ಷ, ಬಾಳಿಕೆ 10 ವರ್ಷ, ಕೊನೆಗೆ ಮಾರಿದರೆ ಎರಡೂವರೆ ಲಕ್ಷ ಅಂತ ಇಟ್ಟುಕೊಳ್ಳಿ. ಸವಕಳಿಯೇ ವರ್ಷಕ್ಕೆ 2.25 ಲಕ್ಷ. ಸರಾಸರಿ ಹೂಡಿಕೆಗೆ, ಅಂದರೆ ಕೊಂಡ ಬೆಲೆ ಮತ್ತು ಮಾರುವ ಬೆಲೆ ಕೂಡಿಸಿ ಅರ್ಧ ಮಾಡಿದ 13.75 ಲಕ್ಷಕ್ಕೆ, 10 ಪರ್ಸೆಂಟ್ ಬಡ್ಡಿ ಸೇರಿಸಿದರೆ ವರ್ಷಕ್ಕೆ ಸುಮಾರು 3.6 ಲಕ್ಷ. ಇನ್ನೂ ಡೀಸೆಲ್ ಹಾಕಿಲ್ಲ, ಡ್ರೈವರ್ ಸಂಬಳ ಕೊಟ್ಟಿಲ್ಲ. ನಿಮ್ಮ 20 ಎಕರೆಯನ್ನು ಎರಡು ಬೆಳೆಗೆ ಮಾತ್ರ ಕೊಯ್ದರೆ ಎಕರೆಗೆ 9,000 ರೂಪಾಯಿ ಬಿತ್ತು. ಬಾಡಿಗೆಗೂ ಓಡಿಸಿ ವರ್ಷಕ್ಕೆ 400 ಎಕರೆ ಕೊಯ್ದರೆ 900 ರೂಪಾಯಿ. ಇದಕ್ಕೆ ಡೀಸೆಲ್, ಸಂಬಳ, ರಿಪೇರಿ ಸೇರಿಸಿ ನಿಮ್ಮೂರಿನ ಬಾಡಿಗೆ ದರದ ಪಕ್ಕದಲ್ಲಿಟ್ಟು ನೋಡಿ.

ಒಂದು ಮಾತು ಮರೆಯಬೇಡಿ. ನಮ್ಮ ಎರಡನೇ ಬೆಳೆ ನಿಂತಿರುವುದು ಕಾಲುವೆ ನೀರಿನ ಮೇಲೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಎಷ್ಟು ಮನೆಗಳಲ್ಲಿ ಆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ! ನೀರು ನಿಂತರೂ ಕಂತು ನಿಲ್ಲುವುದಿಲ್ಲ. ಆದ್ದರಿಂದ ಒಂದೇ ಬೆಳೆಯ ದುಡಿಮೆಯಲ್ಲಿ ಕಂತು ಕಟ್ಟಲು ಆಗುತ್ತದಾ ಅಂತ ನೋಡಿ. ಆಗದಿದ್ದರೆ ನಾಲ್ಕೈದು ಮನೆಯವರು ಸೇರಿ ಕೊಳ್ಳುವುದು ಲೇಸು. ಇಲ್ಲವೇ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಏನು ಸಿಗುತ್ತದೆ ಎಂದು ವಿಚಾರಿಸಿ.

ಚೈನೋ, ಟೈರೋ?

ಎರೆ ಭೂಮಿಯಲ್ಲಿ ಭತ್ತ ಬೆಳೆಯುವವರಿಗೆ ನನ್ನ ಉತ್ತರ ಚೈನ್ ಮಷಿನ್, ಅಂದರೆ ಟೈರ್ ಬದಲು ಅಗಲವಾದ ರಬ್ಬರ್ ಪಟ್ಟಿಯ ಮೇಲೆ ಓಡುವಂಥದ್ದು. ಹಸಿ ಇರುವ ಎರೆ ನೆಲಕ್ಕೆ ಟೈರ್ ಮಷಿನ್ ಇಳಿಸಿದರೆ ಹೂತುಕೊಳ್ಳುತ್ತದೆ. ಎಳೆಯಲು ಮತ್ತೆರಡು ಟ್ರಾಕ್ಟರ್ ಬೇಕು, ಮಡಿಯೂ ಹಾಳು. ರಬ್ಬರ್ ಚೈನ್ ಭಾರವನ್ನು ಅಗಲವಾಗಿ ಹಂಚುತ್ತದೆ, ಬಿದ್ದ ಪೈರನ್ನು ನಿಧಾನವಾಗಿ ಎತ್ತಿಕೊಂಡು ಹೋಗಲು ಅನುಕೂಲ. ಆದರೆ ಚೈನ್ ಸವೆಯುತ್ತದೆ, ಜೋಡಿ ಬದಲಿಸುವುದು ದೊಡ್ಡ ಖರ್ಚು. ಊರಿಂದೂರಿಗೆ ಲಾರಿಯೂ ಬೇಕು. ನೆಲ ಗಟ್ಟಿಯಿದ್ದು, ಗದ್ದೆ ದೊಡ್ಡದಿದ್ದು, ಜೋಳ, ಕಡಲೆ, ಗೋಧಿಯೂ ಇದ್ದರೆ ಮಾತ್ರ ಪಂಜಾಬ್ ಕಡೆಯ 14 ಅಡಿ ಕಟರ್‌ನ ಟೈರ್ ಮಷಿನ್ ಲಾಭ.

ಹುಲ್ಲಿನ ಬಗ್ಗೆಯೂ ಯೋಚಿಸಿ. ಮನೆಯಲ್ಲಿ ಎಮ್ಮೆ, ಎತ್ತು ಇದ್ದರೆ ಹಿಂದಿನಿಂದ ಬೀಳುವ ಹುಲ್ಲು ಎಷ್ಟು ಉದ್ದ ಇದೆ, ಎಷ್ಟು ಪುಡಿಯಾಗಿದೆ ಅಂತ ಕೈಯಲ್ಲಿ ಹಿಡಿದು ನೋಡಿಯೇ ಮುಂದಕ್ಕೆ ಹೋಗಿ.

ಷೋರೂಂನಲ್ಲಿ ಅಲ್ಲ, ಗದ್ದೆಯಲ್ಲಿ ನೋಡಿ

ನಿಮ್ಮ ಕಡೆ ಓಡುತ್ತಿರುವ ಅದೇ ಮಾಡೆಲ್‌ನ ಹಿಂದೆ ಒಂದು ದಿನ ನಡೆಯಿರಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ಮಾಡಿಕೊಳ್ಳಿ. ಕಟರ್ ಹಾದ ಅಗಲದಲ್ಲಿ ಮೂರು ಕಡೆ ಇಟ್ಟು, ಹುಲ್ಲು ಸರಿಸಿ, ಉದುರಿದ ಗಟ್ಟಿ ಕಾಳು ಎಣಿಸಿ. ಜೊಳ್ಳು ಬಿಡಿ. ಮಷಿನ್ ಬರುವ ಮುಂಚೆಯೇ ಉದುರಿದ್ದನ್ನೂ ಎಣಿಸಿ ಕಳೆಯಿರಿ. 1,000 ಕಾಳಿಗೆ 20 ಗ್ರಾಂ ಅಂತ ಹಿಡಿದರೆ, ಚೌಕಟ್ಟಿನಲ್ಲಿ ಸರಾಸರಿ 500 ಕಾಳು ಅಂದರೆ ಎಕರೆಗೆ 40 ಕೆ.ಜಿ. ಹೋಯಿತು. ನಮ್ಮ 75 ಕೆ.ಜಿ. ಚೀಲದ ಲೆಕ್ಕದಲ್ಲಿ ಅರ್ಧ ಚೀಲಕ್ಕಿಂತ ಜಾಸ್ತಿ! ವೇಗ ತಗ್ಗಿಸಿ, ಮಷಿನ್ ಒಳಗಿನ ಫ್ಯಾನ್ ಗಾಳಿ ಸರಿ ಮಾಡಿಸಿ ಮತ್ತೆ ಎಣಿಸಿ. ಆಗಲೂ ಕಡಿಮೆಯಾಗದಿದ್ದರೆ ಆ ಮಷಿನ್ ಬೇಡ. ಟ್ಯಾಂಕಿನಿಂದ ಒಂದು ಹಿಡಿ ಭತ್ತ ತೆಗೆದು ಒಡೆದ ಕಾಳು, ಸಿಪ್ಪೆ ಸುಲಿದ ಕಾಳು ಎಷ್ಟಿವೆ ಅಂತಲೂ ನೋಡಿ.

ಟ್ರಾಕ್ಟರ್ ಮಷಿನ್‌ಗೆ ಜೋಡಿಯಾಗಿರಲಿ

ಮಷಿನ್ ದಿನಕ್ಕೆ 8 ಎಕರೆ ಕೊಯ್ದು, ಎಕರೆಗೆ 30 ಚೀಲ ಬಂದರೆ 240 ಚೀಲ, ಅಂದರೆ 18 ಟನ್. ಅದನ್ನೆಲ್ಲ ಸಂಜೆಯೊಳಗೆ ಕಣಕ್ಕೆ ಸಾಗಿಸಬೇಕು. ಮಷಿನ್‌ನಿಂದ ಬರುವ ಭತ್ತದಲ್ಲಿ ತೇವ 20 ಪರ್ಸೆಂಟ್ ದಾಟಿರುವುದು ಸಾಮಾನ್ಯ, ಸರ್ಕಾರಿ ಖರೀದಿ ಕೇಂದ್ರ ಒಪ್ಪುವುದು 17ರವರೆಗೆ ಮಾತ್ರ. ಟ್ರಾಲಿ, ಕಣ, ತಾಡಪತ್ರಿ ಸಿದ್ಧವಿಲ್ಲದೆ ಮಷಿನ್ ತಂದರೆ ಭತ್ತ ರಾಶಿಯಲ್ಲೇ ಬಿಸಿಯಾಗಿ ಕೆಡುತ್ತದೆ.

ಟ್ರಾಕ್ಟರ್‌ನಲ್ಲಿ ಬಾನೆಟ್ ಮೇಲಿನ ಎಚ್‌ಪಿ ನೋಡಿ ಮರುಳಾಗಬೇಡಿ. ಮಣ್ಣು ಪುಡಿ ಮಾಡುವ ರೋಟವೇಟರ್, ಹುಲ್ಲು ಕಟ್ಟುವ ಬೇಲರ್ ತಿರುಗುವುದು ಪಿಟಿಒ (ಟ್ರಾಕ್ಟರ್ ಹಿಂದೆ ಉಪಕರಣ ತಿರುಗಿಸುವ ಶಾಫ್ಟ್) ಎಚ್‌ಪಿಯಿಂದ, ಅದು ಎಂಜಿನ್ ಎಚ್‌ಪಿಗಿಂತ ಕಡಿಮೆ. 6 ಅಡಿ ರೋಟವೇಟರ್‌ಗೆ ಎಂಜಿನ್ ಎಚ್‌ಪಿ 45ರಿಂದ 50 ಇರುವ ಟ್ರಾಕ್ಟರ್ ಬೇಕು. ಕೆಸರು ಗದ್ದೆಗೆ ತೀರಾ ಭಾರದ ಟ್ರಾಕ್ಟರ್‌ಗಿಂತ ಹಗುರವಾದ ಫೋರ್ ವೀಲ್ ಡ್ರೈವ್ ವಾಸಿ. ಮುಂದಿನ ಆಕ್ಸಲ್ ಸೀಲ್‌ಗೆ ಕೆಸರು ಹೊಗದಂತೆ ಏನು ವ್ಯವಸ್ಥೆ ಇದೆ ಅಂತ ಕೇಳಿ. ಬೇಲರ್ ಓಡಿಸುವ ಯೋಚನೆ ಇದ್ದರೆ, ಟ್ರಾಕ್ಟರ್ ನಿಂತರೂ ಪಿಟಿಒ ತಿರುಗುತ್ತಲೇ ಇರುವ ಕ್ಲಚ್ ಇರಬೇಕು. ಹುಲ್ಲಿನ ಸಾಲು ದಪ್ಪ ಸಿಕ್ಕಾಗ ಗಾಡಿ ನಿಲ್ಲಿಸಿ ಬೇಲರ್ ನುಂಗಲು ಬಿಡಬಹುದು.

ಮಧ್ಯಪ್ರದೇಶದ ಬುಧ್ನಿಯಲ್ಲಿ, ನಮಗೆ ಹತ್ತಿರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆಗಳಿವೆ. ಪರೀಕ್ಷಾ ವರದಿಯಲ್ಲಿ ನಿಜವಾದ ಪಿಟಿಒ ಎಚ್‌ಪಿ, ಡೀಸೆಲ್ ಖರ್ಚು, ಎತ್ತುವ ತೂಕ ಎಲ್ಲ ಇರುತ್ತದೆ. ಡೀಲರ್ ಹತ್ತಿರ ಅದನ್ನೇ ಕೇಳಿ ಪಡೆಯಿರಿ.

ಸಹಿ ಹಾಕುವ ದಿನ

2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಮತ್ತು ಕಟಾವು ಯಂತ್ರದ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಕೊಟೇಶನ್‌ನಲ್ಲಿ ಅದು ಕಾಣಬೇಕು. ಸಬ್ಸಿಡಿ ಇದೆಯಾ ಅಂತ ಅಡ್ವಾನ್ಸ್ ಕೊಡುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಕೊಂಡ ಮೇಲೆ ಅಲ್ಲ. ಬೆಲ್ಟ್, ಬೇರಿಂಗ್, ಕಟರ್ ಬ್ಲೇಡ್ ನಿಮ್ಮ ತಾಲೂಕಿನಲ್ಲೇ ಸಿಗುತ್ತದಾ, ಸುಗ್ಗಿಯಲ್ಲಿ ಫೋನ್ ಮಾಡಿದರೆ ಮೆಕ್ಯಾನಿಕ್ ಎಷ್ಟು ಹೊತ್ತಿಗೆ ಬರುತ್ತಾನೆ ಅಂತ ಈಗಾಗಲೇ ಕೊಂಡ ರೈತರನ್ನು ಕೇಳಿ. ಕೊಳ್ಳುವುದಾದರೆ ಸೆಪ್ಟೆಂಬರ್ ದಾಟಿಸಬೇಡಿ. ನವೆಂಬರ್‌ನಲ್ಲಿ ತಂದರೆ ಡ್ರೈವರ್ ಕೈ ಪಳಗುವಷ್ಟರಲ್ಲಿ ಸುಗ್ಗಿ ಅರ್ಧ ಮುಗಿದಿರುತ್ತದೆ.