ಬಲಕ್ಕೆ ನಿಂತರೆ ಅಂಕಿ, ಎಡಕ್ಕೆ ನಿಂತರೆ ಅಕ್ಷರ

ಎಕ್ಸೆಲ್‌ನಲ್ಲಿ ಒಂದು ಕಾಲಂ ತುಂಬಿಸಿದ ಮೇಲೆ ನಾನು ಮೊದಲು ನೋಡುವುದು ಮೊತ್ತವನ್ನಲ್ಲ. ಅಂಕಿಗಳು ಸೆಲ್‌ನ ಯಾವ ಅಂಚಿಗೆ ನಿಂತಿವೆ ಅಂತ ನೋಡುತ್ತೇನೆ. ಎಕ್ಸೆಲ್ ಅದನ್ನು ಸಂಖ್ಯೆ ಅಂತ ತೆಗೆದುಕೊಂಡಿದ್ದರೆ ಬಲಕ್ಕೆ, ಬರೀ ಅಕ್ಷರ ಅಂತ ತೆಗೆದುಕೊಂಡಿದ್ದರೆ ಎಡಕ್ಕೆ. ಈ ರೂಢಿ ನನಗೆ ಒಂದು ಸ್ಟಾಕ್ ಪಟ್ಟಿಯಿಂದ ಬಂತು.

ಮುನ್ನೂರಕ್ಕೂ ಜಾಸ್ತಿ ಸಾಲುಗಳ ಪಟ್ಟಿ ಅದು. ಸಿ ಕಾಲಂನಲ್ಲಿ ಪೆಟ್ಟಿಗೆಗಳ ಲೆಕ್ಕ, ಡಿ ಕಾಲಂನಲ್ಲಿ ಒಟ್ಟು ವಸ್ತುಗಳ ಲೆಕ್ಕ. ಅರ್ಧ ನಾನೇ ಟೈಪ್ ಮಾಡಿದ್ದೆ, ಉಳಿದದ್ದು ಹಳೆಯ ಫೈಲಿನಿಂದ ಕಾಪಿ ಮಾಡಿದ್ದು. ಟೈಪ್ ಮಾಡುವ ಕೆಲಸ ಬೇಗ ಮುಗಿಯಿತು. ಒಂದು ಸಾಲಿನಲ್ಲಿ ಟ್ಯಾಬ್ ಒತ್ತುತ್ತಾ ಹೋಗಿ ಕೊನೆಯಲ್ಲಿ ಎಂಟರ್ ಒತ್ತಿದರೆ, ಎಲ್ಲಿಂದ ಶುರು ಮಾಡಿದ್ದೆವೋ ಅದೇ ಕಾಲಂನ ಮುಂದಿನ ಸಾಲಿಗೆ ಬಂದು ನಿಲ್ಲುತ್ತದೆ. ಮೌಸ್ ಮುಟ್ಟುವುದೇ ಬೇಡ.

ಆದರೆ ಸಿ ಕಾಲಂನ ಮೊತ್ತ ಕೈಲೆಕ್ಕಕ್ಕೆ ತಾಳೆಯಾಗಲಿಲ್ಲ. ಸಮ್ ಫಾರ್ಮುಲಾ ಮೂರು ಸಲ ಬರೆದೆ. ಮೊದಲ ಸೆಲ್, ಕೊನೆಯ ಸೆಲ್ ಎರಡೂ ಸರಿ ಇದ್ದವು. ಕೊನೆಗೆ ಎರಡೇ ಸೆಲ್ ಹಿಡಿದುಕೊಂಡು ನೋಡಿದೆ. =ಸಿ41+ಸಿ42 ಅಂದರೆ ಸರಿಯಾದ ಉತ್ತರ. =ಸಮ್(ಸಿ41:ಸಿ42) ಅಂದರೆ ಸೊನ್ನೆ!

ಕಾರಣ ಇಷ್ಟೇ. ಕಾಪಿ ಮಾಡಿದ ಅಂಕಿಗಳು ಟೆಕ್ಸ್ಟ್ ಆಗಿ ಬಂದಿದ್ದವು. ಕೂಡುವ ಚಿಹ್ನೆ ಅಂಥವನ್ನು ಸಂಖ್ಯೆಯಾಗಿ ಬದಲಿಸಿಕೊಂಡು ಕೂಡುತ್ತದೆ. ಸಮ್ ಮಾತ್ರ ಅವನ್ನು ಬಿಟ್ಟು ಮುಂದೆ ಹೋಗುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ನೋಡೋಕೆ ಚೆನ್ನಾಗಿರಲಿ ಅಂತ ಇಡೀ ಕಾಲಂ ಅನ್ನು ನಾನು ಮಧ್ಯಕ್ಕೆ ಅಲೈನ್ ಮಾಡಿದ್ದೆ. ಹಾಗಾಗಿ ಎಡ ಬಲದ ಗುರುತೇ ಅಳಿಸಿಹೋಗಿತ್ತು. ಅಂದಿನಿಂದ ಅಂಕಿಯ ಕಾಲಂ ಅನ್ನು ನಾನು ಮಧ್ಯಕ್ಕೆ ತರುವುದೇ ಇಲ್ಲ.

ಸುಮ್ನೆ ಫಾರ್ಮ್ಯಾಟ್ ಅನ್ನು ನಂಬರ್ ಅಂತ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಪ್ರತಿ ಸೆಲ್ ಅನ್ನೂ ಎಫ್2 ಒತ್ತಿ ತೆರೆದು ಎಂಟರ್ ಕೊಡಬೇಕು. ಮುನ್ನೂರು ಸಾಲಿಗೆ ಅದು ಆಗದ ಮಾತು. ನಾನು ಒಂದು ಖಾಲಿ ಸೆಲ್‌ನಲ್ಲಿ 1 ಬರೆದು ಕಾಪಿ ಮಾಡಿ, ಪಟ್ಟಿಯನ್ನು ಸೆಲೆಕ್ಟ್ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ಮಲ್ಟಿಪ್ಲೈ ಕೊಟ್ಟೆ. ಒಂದರಿಂದ ಗುಣಿಸಿದ್ದಕ್ಕೆ ಎಲ್ಲವೂ ಸಂಖ್ಯೆಗಳಾದವು.

ಇದರ ಉಲ್ಟಾ ಕೂಡ ಇದೆ. ಸೊನ್ನೆಯಿಂದ ಶುರುವಾಗುವ ಕೋಡ್‌ಗಳು, ಉದ್ದುದ್ದ ಖಾತೆ ನಂಬರ್‌ಗಳು ಟೆಕ್ಸ್ಟ್ ಆಗಿಯೇ ಇರಬೇಕು. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ನಂಬರ್ ಹೊಡೆದರೆ ಕೊನೆಯದು ಸೊನ್ನೆಯಾಗುತ್ತದೆ. ಆಮೇಲೆ ಫಾರ್ಮ್ಯಾಟ್ ಬದಲಿಸಿದರೂ ಹೋದ ಅಂಕಿ ವಾಪಸ್ ಬರುವುದಿಲ್ಲ. ಟೈಪ್ ಮಾಡುವ ಮುಂಚೆಯೇ ಕಾಲಂ ಅನ್ನು ಟೆಕ್ಸ್ಟ್ ಮಾಡಿಟ್ಟುಕೊಳ್ಳಿ.

ತಾರೀಖಿಗೂ ಇದೇ ಕಣ್ಣು ಬೇಕು. ಕಂಪ್ಯೂಟರ್ ತಿಂಗಳನ್ನು ಮೊದಲು ಓದುವಂತೆ ಸೆಟ್ ಆಗಿದ್ದರೆ 13/6/2024 ಎಡಕ್ಕೇ ಉಳಿಯುತ್ತದೆ, ಏಕೆಂದರೆ ಹದಿಮೂರನೇ ತಿಂಗಳು ಇಲ್ಲವಲ್ಲ. 5/6/2024 ಮಾತ್ರ ಮೇ 6 ಆಗಿ ಬಲಕ್ಕೆ ಹೋಗುತ್ತದೆ. ಎಡಕ್ಕೆ ನಿಂತದ್ದು ಕಣ್ಣಿಗೆ ಬೀಳುತ್ತದೆ. ತಪ್ಪು ತಾರೀಖಾಗಿ ಬಲಕ್ಕೆ ನಿಂತದ್ದೇ ಹೆಚ್ಚು ಅಪಾಯ, ಅಲ್ವಾ?

ಸಿ ಕಾಲಂ ಸರಿಹೋಯಿತು. ಡಿ ಕಾಲಂನ ಮೊತ್ತ ಇನ್ನೂ 120 ಕಡಿಮೆ ಬರುತ್ತಿತ್ತು. ಒಂದು ಪೆಟ್ಟಿಗೆಗೆ 24 ವಸ್ತು. ಆ 24 ಅನ್ನು ಫಾರ್ಮುಲಾದೊಳಗೆ ಬರೆಯದೆ ಎಚ್1ರಲ್ಲಿ ಇಟ್ಟಿದ್ದೆ. ನಾಳೆ ಪೆಟ್ಟಿಗೆ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಆದರೆ =ಸಿ2*ಎಚ್1 ಅಂತ ಬರೆದು ಕೆಳಗೆ ಎಳೆದರೆ ಮುಂದಿನ ಸಾಲು ಖಾಲಿ ಇರುವ ಎಚ್2ಕ್ಕೆ ಹೋಗಿ ಸೊನ್ನೆ ಕೊಡುತ್ತದೆ. ಬರೆಯುವಾಗ ಎಚ್1 ಮೇಲೆ ಎಫ್4 ಒತ್ತಿದರೆ $ಎಚ್$1 ಆಗುತ್ತದೆ, ಎಷ್ಟು ಎಳೆದರೂ ಕದಲುವುದಿಲ್ಲ. ಅದನ್ನು ನಾನು ಸರಿಯಾಗಿಯೇ ಮಾಡಿದ್ದೆ.

ಕಂಟ್ರೋಲ್ ಹಿಡಿದು, 1ರ ಎಡಕ್ಕಿರುವ ಕೀ ಒತ್ತಿದೆ. ಉತ್ತರಗಳ ಜಾಗದಲ್ಲಿ ಫಾರ್ಮುಲಾಗಳೇ ಕಾಣಿಸಿದವು. ನಿಧಾನವಾಗಿ ಕೆಳಗೆ ಇಳಿದೆ. =ಸಿ116*$ಎಚ್$1, =ಸಿ117*$ಎಚ್$1, ಆಮೇಲೆ ಬರೀ 720. ಯಾವಾಗಲೋ ಯಾರೋ ಫಾರ್ಮುಲಾದ ಮೇಲೆಯೇ ಉತ್ತರವನ್ನು ಟೈಪ್ ಮಾಡಿದ್ದರು. ಆಗ ಪೆಟ್ಟಿಗೆಗಳು 30 ಇದ್ದವು, ಈಗ 35. ಮೇಲಿನ ಸೆಲ್‌ನಿಂದ ಫಾರ್ಮುಲಾ ಎಳೆದೆ. 840 ಬಂತು, ಕೆಳಗಿನ ಮೊತ್ತ ತಾಳೆಯಾಯಿತು.