ಥಂಡರ್‌ಬರ್ಡ್ ವಿಳಾಸ ಪುಸ್ತಕದ ಜೋಡಿ ನಮೂದುಗಳು: ನನ್ನ ಅನುಭವ

ಕನ್ನಡ ಪುಸ್ತಕಗಳನ್ನು ಹೊರತರುವ ಒಂದು ಸಣ್ಣ ಪ್ರಕಾಶನದ ಪತ್ರವ್ಯವಹಾರವನ್ನು ನಾನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಲೇಖಕರು, ಕರಡು ತಿದ್ದುವವರು, ಮುದ್ರಣಾಲಯದವರು, ಊರೂರಿನ ಪುಸ್ತಕದಂಗಡಿಗಳು, ಕಾಲೇಜುಗಳ ಕನ್ನಡ ವಿಭಾಗಗಳು, ಗ್ರಂಥಾಲಯಗಳು, ಹೀಗೆ ಎಲ್ಲರ ವಿಳಾಸಗಳೂ ಮೊಜಿಲ್ಲಾ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದ ವಿಳಾಸ ಪುಸ್ತಕದಲ್ಲಿವೆ. ಕಾಲಕ್ರಮದಲ್ಲಿ ಅದರಲ್ಲಿ ಒಬ್ಬರೇ ಲೇಖಕರ ಹೆಸರು ನಾಲ್ಕು ಕಡೆ ಕಾಣಿಸತೊಡಗಿತು: ಒಂದು ಕನ್ನಡದಲ್ಲಿ, ಒಂದು ಇಂಗ್ಲಿಷಿನಲ್ಲಿ, ಒಂದು ಹೆಸರಿಲ್ಲದ ಬರಿಯ ಇಮೇಲ್ ವಿಳಾಸವಾಗಿ, ಮತ್ತೊಂದು ಅವರು ನಿವೃತ್ತರಾದ ಕಾಲೇಜಿನ ವಿಳಾಸದೊಂದಿಗೆ. ಪತ್ರ ಬರೆಯುವಾಗ ಹೆಸರಿನ ಮೊದಲ ಎರಡು ಮೂರು ಅಕ್ಷರ ಒತ್ತಿದೊಡನೆ ಇವೆಲ್ಲವೂ ಸಾಲಾಗಿ ಇಳಿಯುತ್ತವೆ. ಯಾರೂ ತೆರೆಯದ ಹಳೆಯ ವಿಳಾಸಕ್ಕೆ ಕರಡು ಹೋದರೆ ಪುಸ್ತಕದ ಕೆಲಸ ವಾರಗಟ್ಟಲೆ ನಿಲ್ಲುತ್ತದೆ. ಬಿಡುಗಡೆಯ ಆಹ್ವಾನ ಒಬ್ಬರಿಗೇ ಮೂರು ಬಾರಿ ಹೋದರೆ ಅದು ಪ್ರಕಾಶನದ ಅಚ್ಚುಕಟ್ಟಿಗೆ ಒಪ್ಪುವ ಮಾತಲ್ಲ. ಆದ್ದರಿಂದ ಈ ಪುಸ್ತಕವನ್ನು ಬುಡದಿಂದಲೇ ಸರಿಪಡಿಸಲು ನಿರ್ಧರಿಸಿದೆ.

ಮೊದಲು ನೋಡಿದ್ದು ಈ ಜೋಡಿಗಳು ಎಲ್ಲಿಂದ ಹುಟ್ಟುತ್ತವೆ ಎಂಬುದನ್ನು. ಮೂಲವನ್ನು ನಿಲ್ಲಿಸದೆ ತೆಗೆಯುತ್ತ ಹೋದರೆ ತೆಗೆದಷ್ಟೂ ಮತ್ತೆ ಬಂದು ಸೇರುತ್ತವೆ. ಥಂಡರ್‌ಬರ್ಡ್‌ನಲ್ಲಿ ವೈಯಕ್ತಿಕ ವಿಳಾಸ ಪುಸ್ತಕ ಮತ್ತು ಸಂಗ್ರಹಿತ ವಿಳಾಸಗಳು ಎಂದು ಎರಡು ಪುಸ್ತಕಗಳು ಮೊದಲಿನಿಂದಲೇ ಇರುತ್ತವೆ. ನಾವು ಯಾರಿಗಾದರೂ ಪತ್ರ ಕಳುಹಿಸಿದಾಗ, ಆ ವಿಳಾಸ ಯಾವ ಪುಸ್ತಕದಲ್ಲೂ ಇಲ್ಲವಾದರೆ, ಅದು ತಾನಾಗಿಯೇ ಎರಡನೆಯದಕ್ಕೆ ಸೇರುತ್ತದೆ. ಅದು ನೋಡುವುದು ವಿಳಾಸವನ್ನು ಮಾತ್ರ, ವ್ಯಕ್ತಿಯನ್ನಲ್ಲ. ಲೇಖಕರೊಬ್ಬರು ಹೊಸ ವಿಳಾಸದಿಂದ ಬರೆದು ನಾವು ಅದಕ್ಕೆ ಉತ್ತರಿಸಿದೆವೆಂದರೆ ಅವರ ಹೆಸರಿನಲ್ಲಿ ಎರಡನೆಯ ಕಾರ್ಡ್, ಅಂದರೆ ಒಬ್ಬರ ವಿವರಗಳ ನಮೂದು, ಸಿದ್ಧವಾಗುತ್ತದೆ, ಅದೂ ಅವರು ತಮ್ಮ ಫೋನಿನಲ್ಲಿ ಹೆಸರನ್ನು ಹೇಗೆ ಬರೆದುಕೊಂಡಿದ್ದಾರೋ ಅದೇ ರೂಪದಲ್ಲಿ.

ಇನ್ನೊಂದು ಮೂಲ ಹಳೆಯ ಕಂಪ್ಯೂಟರ್‌ಗಳಿಂದ ತಂದ ಸಿಎಸ್‌ವಿ ಕಡತಗಳು, ಅಂದರೆ ವಿವರಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಸಾಲುಸಾಲಾಗಿ ಬರೆದ ಪಠ್ಯ ಕಡತಗಳು. ಇಂಥ ಕಡತವನ್ನು ಒಂದೇ ಪುಸ್ತಕಕ್ಕೆ ಎರಡು ಸಲ ಆಮದು ಮಾಡಿದರೆ ಎಲ್ಲ ನಮೂದುಗಳೂ ಎರಡೆರಡಾಗುತ್ತವೆ, ಏಕೆಂದರೆ ಇರುವುದನ್ನು ಹೊಸದರೊಂದಿಗೆ ಹೋಲಿಸಿ ನೋಡುವ ಹಂತವೇ ಅಲ್ಲಿಲ್ಲ. ಮೂರನೆಯದು ಈಚಿನದು. 2021ರಲ್ಲಿ ಬಂದ 91ನೇ ಆವೃತ್ತಿಯಿಂದ ಥಂಡರ್‌ಬರ್ಡ್, ಅಂತರ್ಜಾಲ ಖಾತೆಯ ವಿಳಾಸಗಳನ್ನು ಕಂಪ್ಯೂಟರಿನೊಂದಿಗೆ ಹೊಂದಿಸಿಡುವ ಕಾರ್ಡ್‌ಡ್ಯಾವ್ ವಿಧಾನವನ್ನು ತಾನೇ ಬೆಂಬಲಿಸುತ್ತದೆ. ಇದರಿಂದ ಗೂಗಲ್ ಖಾತೆಯ ಸಂಪರ್ಕಗಳು ನೇರವಾಗಿ ಒಂದು ಪುಸ್ತಕವಾಗಿ ಕಾಣಿಸುತ್ತವೆ. ಅದು ಅನುಕೂಲವೇ ಸರಿ, ಆದರೆ ಅದೇ ಸಂಪರ್ಕಗಳನ್ನು ಹಿಂದೆ ಕಡತದ ಮೂಲಕ ತಂದಿಟ್ಟ ಪ್ರತಿ ವೈಯಕ್ತಿಕ ಪುಸ್ತಕದಲ್ಲಿ ಹಾಗೆಯೇ ಉಳಿದಿದ್ದರೆ ಪ್ರತಿಯೊಬ್ಬರೂ ಇಬ್ಬರಾಗುತ್ತಾರೆ.

ಕೆಲಸಕ್ಕೆ ಕೈಹಾಕುವ ಮುನ್ನ ಸಂಗ್ರಹಿತ ವಿಳಾಸಗಳಿಗೆ ತಾನಾಗಿ ಸೇರಿಸುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನ ಕಂಪೋಸಿಷನ್ ವಿಭಾಗದಲ್ಲಿ ನಿಲ್ಲಿಸಿದೆ. ಅನಂತರ ಥಂಡರ್‌ಬರ್ಡ್ ಮುಚ್ಚಿ, ಅದರ ಪತ್ರ, ವಿಳಾಸ, ಸೆಟ್ಟಿಂಗ್‌ಗಳೆಲ್ಲ ಇರುವ ಪ್ರೊಫೈಲ್ ಫೋಲ್ಡರ್ ಅನ್ನು ಇಡಿಯಾಗಿ ಬೇರೊಂದು ಡಿಸ್ಕಿಗೆ ನಕಲು ಮಾಡಿದೆ. 2020ರ 78ನೇ ಆವೃತ್ತಿಯಿಂದೀಚೆಗೆ ವೈಯಕ್ತಿಕ ಪುಸ್ತಕವು ಅಬುಕ್ ಡಾಟ್ ಎಸ್‌ಕ್ಯೂಲೈಟ್ (abook.sqlite) ಎಂಬ ಕಡತದಲ್ಲೂ ಸಂಗ್ರಹಿತ ವಿಳಾಸಗಳು ಹಿಸ್ಟರಿ ಡಾಟ್ ಎಸ್‌ಕ್ಯೂಲೈಟ್ (history.sqlite) ಎಂಬ ಕಡತದಲ್ಲೂ ಇರುತ್ತವೆ. ಈ ಎರಡು ಪುಸ್ತಕಗಳಿಗೆ ಏನೇ ಹೆಚ್ಚುಕಡಿಮೆಯಾದರೂ ಆ ಕಡತಗಳನ್ನು ಮರಳಿಸಿದರೆ ಸಾಕು. ಜೊತೆಗೆ ಪ್ರತಿ ಪುಸ್ತಕವನ್ನೂ ವಿಕಾರ್ಡ್ ರೂಪದಲ್ಲಿ ರಫ್ತು ಮಾಡಿಟ್ಟುಕೊಂಡೆ, ಏಕೆಂದರೆ ವಿಕಾರ್ಡ್ ಬೇರೆ ಬಹುತೇಕ ಇಮೇಲ್ ತಂತ್ರಾಂಶಗಳಲ್ಲೂ ತೆರೆಯಬಲ್ಲ ರೂಪ.

ಹುಡುಕುವುದಕ್ಕಾಗಿ ಬೇರೆಯಾಗಿ ಸಿಎಸ್‌ವಿ ರಫ್ತನ್ನೂ ತೆಗೆದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಸಿಎಸ್‌ವಿ ನೋಡುವುದಕ್ಕೆ ಮಾತ್ರ, ಮರಳಿ ತುಂಬುವುದಕ್ಕಲ್ಲ. ಅದರಲ್ಲಿ ಮುಖ್ಯ ಇಮೇಲ್, ಎರಡನೆಯ ಇಮೇಲ್ ಎಂದು ಎರಡೇ ಅಂಕಣಗಳಿವೆ. ಮೂರನೆಯ ವಿಳಾಸವಿದ್ದರೆ ಅದು ಬರುವುದಿಲ್ಲ. ನಾವು ಕಟ್ಟಿಕೊಂಡ ವಿಳಾಸಗಳ ಗುಂಪುಗಳೂ ಬರುವುದಿಲ್ಲ. ಲೆಕ್ಕಹಾಳೆಯಲ್ಲಿಯೇ (ಸ್ಪ್ರೆಡ್‌ಶೀಟಿನಲ್ಲಿಯೇ) ಜೋಡಿಗಳನ್ನು ಅಳಿಸಿ ಆ ಕಡತವನ್ನು ಮತ್ತೆ ಆಮದು ಮಾಡಿಕೊಳ್ಳುವ ಸಲಹೆಯನ್ನು ಹಲವರು ಕೊಡುತ್ತಾರೆ. ಕಾರ್ಡ್‌ಗೆ ಒಂದೇ ವಿಳಾಸವಿರುವ ಚಿಕ್ಕ ಪುಸ್ತಕಕ್ಕೆ ಅದು ಸಾಕಾಗಬಹುದು. ನಮ್ಮಂಥ ಪುಸ್ತಕಕ್ಕೆ ಅದು ಹಾನಿಯನ್ನೇ ಮಾಡುತ್ತದೆ.

ಕಡತವನ್ನು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಲೆಕ್ಕಹಾಳೆಯ ತಂತ್ರಾಂಶದಲ್ಲಿ ತೆರೆದೆ. ತೆರೆಯುವಾಗ ಅದು ಅಕ್ಷರ ಸಂಕೇತವನ್ನು ಕೇಳುತ್ತದೆ. ಯುಟಿಎಫ್-8 ಆರಿಸದಿದ್ದರೆ ಕನ್ನಡವೆಲ್ಲ ಕಲಸಿಹೋಗುತ್ತದೆ. ದೂರವಾಣಿಯ ಅಂಕಣಗಳನ್ನು ಪಠ್ಯವೆಂದು ಗುರುತಿಸಬೇಕು, ಇಲ್ಲವಾದರೆ ಅಧಿಕ ಚಿಹ್ನೆಯೂ ಬೆಂಗಳೂರಿನ 080ರ ಮೊದಲ ಸೊನ್ನೆಯೂ ಮಾಯವಾಗುತ್ತವೆ. ಬಳಿಕ ಹೊಸ ಅಂಕಣವೊಂದರಲ್ಲಿ ಪ್ರತಿ ಇಮೇಲ್ ವಿಳಾಸದ ಸರಳೀಕೃತ ರೂಪವನ್ನು ಬರೆಸಿದೆ: ಆಚೀಚಿನ ಖಾಲಿ ಜಾಗ ತೆಗೆದು, ಎಲ್ಲವನ್ನೂ ಸಣ್ಣಕ್ಷರಕ್ಕೆ ತಂದು, ಜಿಮೇಲ್ ವಿಳಾಸವಾಗಿದ್ದರೆ ಮಾತ್ರ ಅದರ ಮೊದಲ ಭಾಗದ ಚುಕ್ಕಿಗಳನ್ನು ತೆಗೆದು. ಜಿಮೇಲ್ ಚುಕ್ಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಚುಕ್ಕಿಯಿರುವ ಮತ್ತು ಇಲ್ಲದ ಎರಡೂ ರೂಪಗಳು ಒಂದೇ ಪೆಟ್ಟಿಗೆಗೆ ಹೋಗುತ್ತವೆ. ಬೇರೆ ಸೇವೆಗಳಲ್ಲಿ ಇದನ್ನು ಹಾಗೆಂದು ಊಹಿಸುವಂತಿಲ್ಲ. ದೂರವಾಣಿಗೆ ಕೊನೆಯ ಹತ್ತು ಅಂಕಿಗಳನ್ನು ಮಾತ್ರ ತೆಗೆದುಕೊಂಡೆ. ಒಂದೇ ಮೊಬೈಲ್ ಸಂಖ್ಯೆ ಒಂದು ಕಡೆ 91ರೊಡನೆ, ಒಂದು ಕಡೆ ಬರಿದಾಗಿ, ಮತ್ತೊಂದು ಕಡೆ ಮುಂದೆ ಸೊನ್ನೆಯೊಡನೆ ಇರುವುದು ನಮ್ಮಲ್ಲಿ ಸಾಮಾನ್ಯ; ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡಲು ಸೊನ್ನೆ ಸೇರಿಸಬೇಕೆಂಬ ನಿಯಮ 2021ರ ಜನವರಿ 15ರಿಂದ ಬಂದ ಮೇಲೆ ಕಚೇರಿಗಳಲ್ಲಿ ಹಾಗೆ ಬರೆದಿಡುವವರು ಹೆಚ್ಚಾಗಿದ್ದಾರೆ. ಹಾಳೆಯನ್ನು ಈ ಹೊಸ ಅಂಕಣಗಳ ಮೇಲೆ ವಿಂಗಡಿಸಿದೊಡನೆ ಜೋಡಿಗಳು ಒಂದರ ಕೆಳಗೊಂದು ಬಂದು ನಿಂತವು.

ಹೆಸರುಗಳದ್ದು ಇಷ್ಟು ಸುಲಭದ ವಿಷಯವಾಗಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದ ನಮ್ಮ ಹೆಸರುಗಳಿಗೆ ಸ್ಥಿರವಾದ ಕಾಗುಣಿತವಿಲ್ಲ. ಲಕ್ಷ್ಮಿಯನ್ನು ಎಕ್ಸ್ ಅಕ್ಷರದಿಂದ ಬರೆಯುವವರೂ ಕೆ, ಎಸ್, ಎಚ್ ಕೂಡಿಸಿ ಬರೆಯುವವರೂ ಇದ್ದಾರೆ. ಮೂರ್ತಿಗೆ ಮೂರು ನಾಲ್ಕು ರೂಪಗಳಿವೆ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಕನ್ನಡದಲ್ಲೇ ಬರೆದ ಹೆಸರುಗಳಾದರೂ ಹೊಂದಬೇಕಿತ್ತಲ್ಲ ಎಂದುಕೊಂಡರೆ, ಅಲ್ಲಿ ಬೇರೆಯದೇ ತೊಡಕು ಎದುರಾಯಿತು. ಗೋಪಾಲ ಎಂಬ ಹೆಸರಿನ ಎರಡು ಸಾಲುಗಳು ಕಣ್ಣಿಗೆ ಅಕ್ಷರಶಃ ಒಂದೇ ಆಗಿದ್ದರೂ ಕ್ಯಾಲ್ಕ್ ಅವನ್ನು ಬೇರೆ ಬೇರೆ ಎಂದಿತು. ಉದ್ದ ಅಳೆಯುವ ಲೆನ್ ಸೂತ್ರವನ್ನು ಹಾಕಿ ನೋಡಿದಾಗ ಒಂದರಲ್ಲಿ 5, ಇನ್ನೊಂದರಲ್ಲಿ 7 ಬಂತು. ಕಾರಣ ಓತ್ವದ ಚಿಹ್ನೆಯಲ್ಲಿದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಅದನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊತ್ವ ಮತ್ತು ದೀರ್ಘದ ಗುರುತು ಎಂಬ ಮೂರು ಸಂಕೇತಗಳನ್ನು ಸಾಲಾಗಿ ಇಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಮೂಡುತ್ತವೆ, ಯಂತ್ರದ ಹೋಲಿಕೆಯಲ್ಲಿ ಮಾತ್ರ ಬೇರೆಯಾಗುತ್ತವೆ. ಈತ್ವ, ಏತ್ವ, ಐತ್ವ, ಒತ್ವಗಳಿಗೂ ಇದೇ ಸ್ಥಿತಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಯೂನಿಕೋಡ್‌ಡೇಟಾ ಮಾಡ್ಯೂಲ್ ಬಳಸಿ ಹೆಸರಿನ ಅಂಕಣವನ್ನೆಲ್ಲ ಎನ್‌ಎಫ್‌ಸಿ ಎಂಬ ಪ್ರಮಾಣಿತ ರೂಪಕ್ಕೆ ತಂದಾಗ ಈ ವ್ಯತ್ಯಾಸ ಪೂರ್ತಿ ಹೋಯಿತು.

ಆದರೂ ಕೆಲವು ಉಳಿದವು. ರಾಜ್‌ಕುಮಾರ ಎಂದು ಜಕಾರದ ಕೆಳಗೆ ಒತ್ತು ಬಾರದಂತೆ ಬರೆಯಲು ನಾವು ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಸಂಕೇತವನ್ನು ಹಾಕುತ್ತೇವೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹೆಸರಿನ ಕೊನೆಯಲ್ಲಿ ಅರ್ಧಾಕ್ಷರವಿರುವ ಕಡೆ ಕೆಲವು ಕೀಲಿಮಣೆಗಳು ಈ ಸಂಕೇತವನ್ನು ಸೇರಿಸಿರುತ್ತವೆ, ಕೆಲವು ಸೇರಿಸಿರುವುದಿಲ್ಲ. ಹೋಲಿಕೆಯ ಅಂಕಣದಲ್ಲಿ ಮಾತ್ರ 8204 ಮತ್ತು 8205 ಸಂಖ್ಯೆಯ ಆ ಎರಡು ಕಾಣದ ಸಂಕೇತಗಳನ್ನು ಸಬ್‌ಸ್ಟಿಟ್ಯೂಟ್ ಸೂತ್ರದಿಂದ ತೆಗೆದೆ. ಮೂಲ ಹೆಸರಿನಲ್ಲಿ ಅವು ಇರಲೇಬೇಕು, ಇಲ್ಲವಾದರೆ ಹೆಸರು ತಪ್ಪಾಗಿ ಮೂಡುತ್ತದೆ. ಇದಲ್ಲದೆ ಪ್ರಕಾಶನದ ಹಳೆಯ ಕಡತಗಳಿಂದ ಬಂದ, ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಬೆರಳಚ್ಚಿಸಿದ ಹೆಸರುಗಳೂ ಇದ್ದವು. ಅವು ವಿಳಾಸ ಪುಸ್ತಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಪುಟ ವಿನ್ಯಾಸದ ಕೆಲಸ ಮಾಡುವವರ ಬಳಿ ಇವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನ ಹೇಗೂ ಇರುತ್ತದೆ. ಪರಿವರ್ತಿಸಿದಾಗ, ಕಸವೆಂದು ತೋರುತ್ತಿದ್ದ ಸಾಲುಗಳಲ್ಲಿ ನಮ್ಮ ಹಿರಿಯ ಲೇಖಕರ ಹೆಸರುಗಳೇ ಹೊರಬಂದವು. ಅವನ್ನು ಓದದೆ ಅಳಿಸಿಬಿಡುವುದು ಸುಲಭವಿತ್ತು. ಆ ಕಾರ್ಡ್‌ಗಳಲ್ಲಿದ್ದ ಮನೆಯ ಅಂಚೆ ವಿಳಾಸಗಳು ಬೇರೆಲ್ಲೂ ಇರಲಿಲ್ಲ.

ಜೋಡಿ ಎಂದು ಯಂತ್ರ ತೋರಿಸಿದ್ದೆಲ್ಲ ಜೋಡಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಮಂಜುನಾಥ ಎಂಬ ಹೆಸರಿನವರು ನಮ್ಮ ಪುಸ್ತಕದಲ್ಲಿ ಹಲವರಿದ್ದಾರೆ, ಅವರಲ್ಲಿ ಒಂದೇ ಮೊದಲಕ್ಷರ ಇರುವವರೂ ಇದ್ದಾರೆ. ಹೆಸರು ಹೊಂದಿತೆಂದು ಕೂಡಿಸಿದರೆ ಒಬ್ಬರ ಗೌರವಧನದ ಪತ್ರ ಇನ್ನೊಬ್ಬರಿಗೆ ಹೋಗುತ್ತದೆ. ಇಮೇಲ್ ವಿಳಾಸ ಒಂದೇ ಇದ್ದರೂ ವ್ಯಕ್ತಿಗಳು ಇಬ್ಬರಿರಬಹುದು. ಪುಸ್ತಕದಂಗಡಿಯ ಒಂದೇ ವಿಳಾಸವನ್ನು ತಂದೆಯೂ ಮಗನೂ ಬಳಸುತ್ತಾರೆ. ದೂರವಾಣಿ ಸಂಖ್ಯೆ ಬೇರೆ, ಲೆಕ್ಕ ಮಾತನಾಡುವವರು ಬೇರೆ. ಕಾಲೇಜಿನ ಕನ್ನಡ ವಿಭಾಗದ ವಿಳಾಸ ಬದಲಾಗದೆ ಮುಖ್ಯಸ್ಥರು ಬದಲಾಗುತ್ತಾರೆ. ತೀರಿಕೊಂಡ ಲೇಖಕರೊಬ್ಬರ ವಿಳಾಸದಿಂದ ಈಗ ಅವರ ಮಗಳು ಹಕ್ಕುಸ್ವಾಮ್ಯದ ಪತ್ರಗಳನ್ನು ಬರೆಯುತ್ತಾರೆ. ಇಂಥ ಕಡೆ ಸಂಸ್ಥೆಯ ವಿಳಾಸವನ್ನು ಸಂಸ್ಥೆಯ ಹೆಸರಿನ ಕಾರ್ಡ್‌ನಲ್ಲಿಟ್ಟು, ವ್ಯಕ್ತಿಗಳ ಕಾರ್ಡ್‌ಗಳನ್ನು ಅವರವರ ಸ್ವಂತ ವಿಳಾಸ ಅಥವಾ ದೂರವಾಣಿಯೊಂದಿಗೆ ಬೇರೆಯಾಗಿಯೇ ಉಳಿಸಿದೆ. ಜೋಡಿಗಳನ್ನು ತಾನಾಗಿ ತೆಗೆಯುವ ಆಡ್‌ಆನ್‌ಗಳಿವೆ (ಥಂಡರ್‌ಬರ್ಡ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸಾಧನಗಳು), ಗೂಗಲ್ ಸಂಪರ್ಕಗಳಲ್ಲೂ ಕೂಡಿಸುವ ಸೂಚನೆಗಳು ಬರುತ್ತವೆ. ಹುಡುಕಿ ತೋರಿಸುವವರೆಗೆ ಅವು ಒಳ್ಳೆಯ ಸಹಾಯಕರು. ಎಲ್ಲವನ್ನೂ ಒಂದೇ ಗುಂಡಿಯಲ್ಲಿ ಕೂಡಿಸುವ ಅಧಿಕಾರವನ್ನು ನಾನು ಅವುಗಳಿಗೆ ಕೊಡಲಿಲ್ಲ.

ಕೂಡಿಸುವ ಕೆಲಸವನ್ನು ಥಂಡರ್‌ಬರ್ಡ್‌ನೊಳಗೇ ಕೈಯಿಂದ ಮಾಡಿದೆ, ದಿನದ ಪತ್ರಗಳು ಮುಗಿದ ಮೇಲೆ ಸ್ವಲ್ಪ ಸ್ವಲ್ಪವಾಗಿ. ಪ್ರತಿ ಜೋಡಿಯಲ್ಲಿ ಯಾವುದನ್ನು ಉಳಿಸಬೇಕೆಂಬುದಕ್ಕೆ ನನ್ನ ನಿಯಮ ಸರಳವಾಗಿತ್ತು: ಅಂಚೆ ವಿಳಾಸ ಮತ್ತು ಟಿಪ್ಪಣಿ ಇರುವ ಕಾರ್ಡ್ ಉಳಿಯಬೇಕು, ಬರಿಯ ಇಮೇಲ್ ಇರುವುದು ಹೋಗಬೇಕು. ಹೋಗುವ ಕಾರ್ಡ್‌ನ ಎಲ್ಲ ವಿವರಗಳನ್ನೂ ಮೊದಲು ಉಳಿಯುವ ಕಾರ್ಡ್‌ಗೆ ಸೇರಿಸಿ, ಉಳಿಸಿ, ಒಮ್ಮೆ ತೆರೆದು ನೋಡಿ, ಆಮೇಲಷ್ಟೇ ಅಳಿಸುವುದು. 2022ರ 102ನೇ ಆವೃತ್ತಿಯಲ್ಲಿ ವಿಳಾಸ ಪುಸ್ತಕ ಹೊಸದಾದ ಮೇಲೆ ಒಂದು ಕಾರ್ಡ್‌ನಲ್ಲಿ ಎಷ್ಟು ಇಮೇಲ್‌ಗಳನ್ನಾದರೂ ಇಟ್ಟು ಒಂದನ್ನು ಮುಖ್ಯವೆಂದು ಗುರುತಿಸಬಹುದು. ಯಾರೂ ತೆರೆಯದ ಹಳೆಯ ವಿಳಾಸವನ್ನು ಮಾತ್ರ ಇಮೇಲ್ ಜಾಗದಲ್ಲಿಡದೆ ಟಿಪ್ಪಣಿಗೆ ಸರಿಸಿದೆ. ಅದರಿಂದ ಹಳೆಯ ಪತ್ರಗಳನ್ನು ಹುಡುಕಲು ಸುಳಿವು ಉಳಿಯುತ್ತದೆ, ಹೊಸ ಪತ್ರ ಬರೆಯುವಾಗ ಅದು ಅಡ್ಡ ಬರುವುದಿಲ್ಲ.

ಅಳಿಸುವ ಮುನ್ನ ಗುಂಪುಗಳನ್ನು ನೋಡಲೇಬೇಕು. ಪುಸ್ತಕ ಬಿಡುಗಡೆಯ ಆಹ್ವಾನಕ್ಕೆ, ರಿಯಾಯಿತಿಯ ಸೂಚನೆಗೆ ನಮ್ಮಲ್ಲಿ ಬೇರೆ ಬೇರೆ ಗುಂಪುಗಳಿವೆ. ಪುಸ್ತಕದಿಂದ ಕಾರ್ಡ್ ಅಳಿಸಿದರೆ ಅದು ಗುಂಪಿನಿಂದಲೂ ಹೋಗುತ್ತದೆ, ಉಳಿದ ಕಾರ್ಡ್ ಅದರ ಜಾಗಕ್ಕೆ ತಾನಾಗಿ ಬರುವುದಿಲ್ಲ. ಆದ್ದರಿಂದ ಪ್ರತಿ ಗುಂಪಿನ ಸದಸ್ಯರ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡು, ಉಳಿಯುವ ಕಾರ್ಡ್ ಅನ್ನು ಗುಂಪಿಗೆ ಸೇರಿಸಿದ ನಂತರವೇ ಇನ್ನೊಂದನ್ನು ತೆಗೆದೆ. ಕಾರ್ಡ್‌ಡ್ಯಾವ್ ಮೂಲಕ ಜೋಡಿಸಿದ ಪುಸ್ತಕದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು: ಕಂಪ್ಯೂಟರಿನಲ್ಲಿ ಅಳಿಸಿದ್ದು ಖಾತೆಯಿಂದಲೂ, ಅಲ್ಲಿಂದ ಎಲ್ಲರ ಫೋನಿನಿಂದಲೂ ಅಳಿಯುತ್ತದೆ. ಗೂಗಲ್ ಸಂಪರ್ಕಗಳಲ್ಲಿ ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆಂಬುದು ಒಂದು ಆಸರೆ. ಯಾವ ಪುಸ್ತಕ ಮೂಲ, ಯಾವುದು ನಕಲು ಎಂದು ತೀರ್ಮಾನಿಸಿ, ಖಾತೆಗೆ ಜೋಡಿಸಿದ ಪುಸ್ತಕವನ್ನೇ ಮೂಲವೆಂದು ಇಟ್ಟುಕೊಂಡು, ವೈಯಕ್ತಿಕ ಪುಸ್ತಕದಲ್ಲಿದ್ದ ಅದರ ಪ್ರತಿಗಳನ್ನು ಮಾತ್ರ ತೆಗೆದೆ.

ಕನ್ನಡ ಮತ್ತು ಇಂಗ್ಲಿಷ್ ಹೆಸರುಗಳಿಗಾಗಿಯೇ ಎರಡು ಕಾರ್ಡ್ ಇಟ್ಟುಕೊಳ್ಳುವ ಅಭ್ಯಾಸ ನಮ್ಮ ಕಚೇರಿಯಲ್ಲಿತ್ತು, ಏಕೆಂದರೆ ಕೆಲವರು ಹೆಸರನ್ನು ಕನ್ನಡದಲ್ಲಿ ಬೆರಳಚ್ಚಿಸಿ ಹುಡುಕುತ್ತಾರೆ, ಕೆಲವರು ಇಂಗ್ಲಿಷಿನಲ್ಲಿ. ಇದಕ್ಕೆ ನಿಕ್‌ನೇಮ್ ಎಂಬ ಅಂಕಣ ಒಳ್ಳೆಯ ಪರಿಹಾರವಾಯಿತು. ಪತ್ರದ ವಿಳಾಸ ತುಂಬುವಾಗ ಥಂಡರ್‌ಬರ್ಡ್ ಆ ಅಂಕಣವನ್ನೂ ಹುಡುಕುತ್ತದೆ. ಕಾಣಿಸುವ ಹೆಸರನ್ನು ಕನ್ನಡದಲ್ಲಿ, ಲೇಖಕರು ತಾವೇ ಬರೆದುಕೊಳ್ಳುವ ರೀತಿಯಲ್ಲಿ ಇಟ್ಟು, ಇಂಗ್ಲಿಷ್ ರೂಪವನ್ನು ನಿಕ್‌ನೇಮ್‌ನಲ್ಲಿ ತುಂಬಿದಾಗ ಯಾವ ಲಿಪಿಯಲ್ಲಿ ಒತ್ತಿದರೂ ಒಂದೇ ಕಾರ್ಡ್ ಬರುತ್ತದೆ, ಪತ್ರದ ಮೇಲೆ ಹೆಸರು ಕನ್ನಡದಲ್ಲೇ ಹೋಗುತ್ತದೆ.

ತಾನಾಗಿ ಸಂಗ್ರಹಿಸುವ ಆಯ್ಕೆಯನ್ನು ಕೆಲಸ ಮುಗಿದ ಮೇಲೆ ಮತ್ತೆ ಆರಂಭಿಸಿದ್ದೇನೆ, ಹೊಸ ಓದುಗರ ವಿಳಾಸ ಕೈತಪ್ಪಬಾರದೆಂದು. ತಿಂಗಳ ಕೊನೆಯಲ್ಲಿ ಸಂಗ್ರಹಿತ ವಿಳಾಸಗಳನ್ನು ತೆರೆದು, ಪರಿಚಿತರ ಹೊಸ ವಿಳಾಸವಾಗಿದ್ದರೆ ಅವರ ಕಾರ್ಡ್‌ಗೆ ಸೇರಿಸಿ, ಹೊಸಬರಾಗಿದ್ದರೆ ಹೆಸರು ತಿದ್ದಿ ಮುಖ್ಯ ಪುಸ್ತಕಕ್ಕೆ ಸರಿಸಿ, ಉಳಿದದ್ದನ್ನು ಅಳಿಸಿ ಆ ಪುಸ್ತಕವನ್ನು ಖಾಲಿ ಮಾಡುತ್ತೇನೆ. ಹೊರಗಿನಿಂದ ಬರುವ ಯಾವ ಕಡತವನ್ನೂ ಈಗ ನೇರವಾಗಿ ಮುಖ್ಯ ಪುಸ್ತಕಕ್ಕೆ ತುಂಬುವುದಿಲ್ಲ. ಪರೀಕ್ಷೆಗೆಂದು ಹೆಸರಿಟ್ಟ ಪ್ರತ್ಯೇಕ ಪುಸ್ತಕವೊಂದಕ್ಕೆ ಆಮದು ಮಾಡಿ, ಮೇಲೆ ಹೇಳಿದ ಹಾಳೆಯಲ್ಲಿ ಹೋಲಿಸಿ, ಇಲ್ಲದವರನ್ನು ಮಾತ್ರ ಎಳೆದು ತಂದು ಸೇರಿಸುತ್ತೇನೆ.