ಅಪ್ಪನ ಪಿಟೀಲಿಗೆ ನಮ್ಮ ಶ್ರುತಿ ಕೂಡಿದ್ದು

ತೀರಿಹೋದ ಅಪ್ಪನ ಪಿಟೀಲಿನ ಕ್ಯಾಸೆಟ್ ಜೊತೆ ನಾನು ಕೊಳಲು, ತಂಗಿ ಮೃದಂಗ ನುಡಿಸಿ ರೆಕಾರ್ಡ್ ಮಾಡಲು ಕೂತೆವು. ಮಡಿಕೇರಿ ಮಳೆಗೆ ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು. ಒಣಗಿಸಿ, ಮೆತ್ತಗೆ ಒರೆಸಿ ಕಂಪ್ಯೂಟರಿಗೆ ಇಳಿಸಿದರೂ ಯಾವ ಕೊಳಲೂ ಕೂಡಲಿಲ್ಲ.

ಕ್ಯಾಸೆಟ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ವೇಗ ಶೇ. 3 ಹೆಚ್ಚಾದರೂ ಶ್ರುತಿ ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ (ಸ್ವರಸ್ಥಾನಗಳ) ನಡುವೆ ಬೀಳುತ್ತದೆ. ಸುಳಿವು ಸಿಕ್ಕಿದ್ದು ಪಿಟೀಲಿನ ಹಿಂದೆ ಗುಂಯ್‌ಗುಡುವ ಕರೆಂಟಿನ ಸದ್ದಿನಲ್ಲಿ. ನಮ್ಮ ಕರೆಂಟು 50 ಹರ್ಟ್ಸ್, ಅಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ಆ ಸದ್ದು 51.5ರ ಹತ್ತಿರ ಕಂಡಿತು. ಅಂದರೆ ಟೇಪು ಶೇ. 3ರಷ್ಟು ಜೋರಾಗಿ ಓಡಿತ್ತು. ಬರೀ ಪಿಚ್ ಅಲ್ಲ, ಸ್ಪೀಡನ್ನೇ ಶೇ. 3ರಷ್ಟು ಇಳಿಸಿದೆ. ಲಯವೂ ಸರಿಹೋಯಿತು. ಗುಂಯ್ ಸದ್ದು ತೆಗೆಯುವುದಿದ್ದರೆ ಇದಾದ ಮೇಲೇ ತೆಗೆಯಿರಿ.

ಚರಣಕ್ಕೆ ಬಂದಾಗ ಅಪ್ಪ ಕೊಂಚ ಮುಂದೋಡುತ್ತಾರೆ. ಲಯ ಹಿಡಿಯಲು ಹಾಕುವ ಟಿಕ್‌ಟಿಕ್ ಸದ್ದು (ಕ್ಲಿಕ್) ಹಾಕದೆ, ಹೆಡ್‌ಫೋನಿನಲ್ಲಿ ಅವರನ್ನೇ ಕೇಳುತ್ತಾ ತಂಗಿ ನುಡಿಸಿದಳು. ಆ ಓಟವನ್ನು ತಿದ್ದಲು ನಮಗೆ ಮನಸ್ಸಿಲ್ಲ.